ಎಫ್11 ಒತ್ತಿದರೂ ಬರಹದಲ್ಲಿ ಕನ್ನಡ ಬರುತ್ತಿಲ್ಲ

ಪ್ರಶ್ನೆ:
ನಮಸ್ಕಾರ. ಬರಹ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಬಳಸುತ್ತೇನೆ. ಮೊನ್ನೆವರೆಗೂ ಎಫ್11 ಒತ್ತಿದರೆ ಕನ್ನಡ, ಇನ್ನೊಮ್ಮೆ ಒತ್ತಿದರೆ ಇಂಗ್ಲಿಷ್ ಬರುತ್ತಿತ್ತು. ಈಗ ಎಷ್ಟು ಒತ್ತಿದರೂ ಇಂಗ್ಲಿಷೇ. ಗಡಿಯಾರದ ಪಕ್ಕ ಬರಹದ ಐಕಾನ್ ಇದೆ. ಎರಡು ಸಲ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿದೆ. ವಿಂಡೋಸ್ 10, ಲ್ಯಾಪ್‌ಟಾಪ್. ನಮ್ಮೂರ ಹಾಲಿನ ಡೈರಿಯ ಸಭೆ ನೋಟಿಸ್ ನಾಳೆಯೇ ಪ್ರಿಂಟ್ ಆಗಬೇಕು. ಇನ್ನೊಂದು, ಎಫ್11 ಒತ್ತಿದಾಗ ವೈಫೈ ಹೋಗುತ್ತದೆ, ಮತ್ತೆ ಒತ್ತಿದರೆ ಬರುತ್ತದೆ.

ಉತ್ತರ:
ಸರ್, ಕೊನೆಯಲ್ಲಿ ಹೇಳಿದಿರಲ್ಲ, ವೈಫೈ ವಿಷಯ, ಅದರಲ್ಲೇ ಉತ್ತರ ಇದೆ. ಆ ಕೀ ಮೇಲೆ ಸಣ್ಣ ವಿಮಾನದ ಚಿತ್ರ ಇದೆ ಅಲ್ವಾ? ಈಗ ಅದು ಏರೋಪ್ಲೇನ್ ಮೋಡ್ ಬಟನ್ ಆಗಿಬಿಟ್ಟಿದೆ. ಎಫ್11 ಅನ್ನುವುದು ಬರಹಕ್ಕೆ ತಲುಪುತ್ತಲೇ ಇಲ್ಲ. ಹಾಗಾಗಿ ಎಷ್ಟು ಸಲ ಇನ್‌ಸ್ಟಾಲ್ ಮಾಡಿದರೂ ಅಷ್ಟೇ.

ಬರಹ ಮುಚ್ಚಿ, ಕ್ರೋಮ್ ತೆರೆದು ಎಫ್11 ಒತ್ತಿ. ಬರಹ ಓಡುತ್ತಿದ್ದರೆ ಕೀಯನ್ನು ಅದೇ ಹಿಡಿದುಕೊಳ್ಳಬಹುದು, ಅದಕ್ಕೇ ಮುಚ್ಚಲು ಹೇಳಿದ್ದು. ಪುಟ ಸ್ಕ್ರೀನ್ ತುಂಬಾ ಹರಡಲಿಲ್ಲವಾ? ಎಫ್‌ಎನ್ ಕೀ ಹಿಡಿದುಕೊಂಡು ಎಫ್11 ಒತ್ತಿ. ಈಗ ಹರಡಿದರೆ ಎಫ್‌ಎನ್ ಲಾಕ್, ಅಂದರೆ ಮೇಲಿನ ಸಾಲಿನ ಕೀಗಳು ಎಫ್11 ತರಹ ಕೆಲಸ ಮಾಡಬೇಕೋ ವಿಮಾನದಂಥ ಚಿತ್ರದ ಕೆಲಸ ಮಾಡಬೇಕೋ ಎಂದು ನಿರ್ಧರಿಸುವ ಸೆಟ್ಟಿಂಗ್, ಬದಲಾಗಿದೆ ಎಂದರ್ಥ. ಎಸ್ಕೇಪ್ ಕೀ ಮೇಲೆ ಪುಟ್ಟ ಬೀಗದ ಚಿತ್ರ ಇದ್ದರೆ ಎಫ್‌ಎನ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿ, ಮೊದಲಿನಂತಾಗುತ್ತದೆ. ಬೀಗ ಇಲ್ಲದ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಬಯೋಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್‌ಗೆ, ಹೋಗಿ ಬದಲಿಸಬೇಕು. ನೋಟಿಸ್‌ಗೆ ಅಷ್ಟೆಲ್ಲ ಬೇಡ. ಎಫ್‌ಎನ್ ಹಿಡಿದು ಎಫ್11 ಒತ್ತಿ, ಟೈಪ್ ಮಾಡಿ ಮುಗಿಸಿ.

ಪ್ರಶ್ನೆ:
ಬೀಗ ಇತ್ತು ಸರ್! ಒತ್ತಿದೆ, ಸರಿಹೋಯಿತು. ಮೊನ್ನೆ ಕೀಬೋರ್ಡ್ ಧೂಳು ಒರೆಸುವಾಗ ಕೈ ತಾಗಿರಬೇಕು. ನೋಟಿಸ್ ಮುಗಿಯಿತು, ತುಂಬಾ ಥ್ಯಾಂಕ್ಸ್. ಆದರೆ ಡೈರಿಯ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಮಾತ್ರ ಇನ್ನೂ ಇಂಗ್ಲಿಷೇ ಬರುತ್ತಿದೆ. ವರ್ಡ್‌ನಲ್ಲಿ, ನೋಟ್‌ಪ್ಯಾಡ್‌ನಲ್ಲಿ ಕನ್ನಡ ಬರುತ್ತದೆ.

ಉತ್ತರ:
ಅದನ್ನು ತೆರೆಯುವಾಗ ಸ್ಕ್ರೀನ್ ಮಂಕಾಗಿ, ಎಸ್ ಅಥವಾ ನೋ ಒತ್ತಿ ಅಂತ ಕೇಳುತ್ತದಾ? ಹಾಗಾದರೆ ಅದು ಅಡ್ಮಿನಿಸ್ಟ್ರೇಟರ್ ಆಗಿ, ಅಂದರೆ ಹೆಚ್ಚಿನ ಅಧಿಕಾರದಲ್ಲಿ, ಓಡುತ್ತಿದೆ. ವಿಂಡೋಸ್ ವಿಸ್ತಾ ಬಂದಾಗಿನಿಂದ, ಸಾಧಾರಣವಾಗಿ ಓಡುವ ಪ್ರೋಗ್ರಾಂ ಅಂಥ ವಿಂಡೋದಲ್ಲಿ ಕೈಹಾಕಲು ವಿಂಡೋಸ್ ಬಿಡುವುದಿಲ್ಲ. ನೀವು ಒತ್ತುವ ಕೀ ಬರಹಕ್ಕೆ ಕಾಣುವುದೇ ಇಲ್ಲ. ಬರಹವನ್ನು ಪೂರ್ತಿ ಮುಚ್ಚಿ, ಡೆಸ್ಕ್‌ಟಾಪ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ, 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಕೊಡಿ. ಆಮೇಲೆ ಅಕ್ಷರದ ಜಾಗದಲ್ಲಿ ಬರೀ ಪ್ರಶ್ನೆ ಚಿಹ್ನೆ ಬಂದರೆ ಮಾತ್ರ, ಅದು ಕೀಬೋರ್ಡ್ ಸಮಸ್ಯೆ ಅಲ್ಲ, ಆ ಲೆಕ್ಕದ ಸಾಫ್ಟ್‌ವೇರ್ ಯುನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಇರುವ ಸಾಮಾನ್ಯ ಸಂಕೇತ ಪದ್ಧತಿ) ತೆಗೆದುಕೊಳ್ಳುತ್ತಿಲ್ಲ. ಹಾಗೇನಾದರೂ ಆದರೆ ಒಂದು ಸ್ಕ್ರೀನ್‌ಶಾಟ್ ಹಾಕಿ, ನೋಡೋಣ.