ಸಹಾಯ ಬೇಕು: 1 ಜಿಬಿ ರ‍್ಯಾಮ್‌ ಇರುವ ಹಳೆಯ ನೆಟ್‌ಬುಕ್‌ಗೆ ಯಾವ ಲಿನಕ್ಸ್ ಸೂಕ್ತ?

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಇಂಟೆಲ್ ಆಟಮ್ ಎನ್270 ಪ್ರೊಸೆಸರ್ ಹಾಗೂ 1 ಜಿಬಿ ರ‍್ಯಾಮ್ ಇರುವ ಹಳೆಯ ನೆಟ್‌ಬುಕ್ ಒಂದಿದ್ದು, ಕನ್ನಡದಲ್ಲಿ ಟೈಪ್ ಮಾಡುವುದಕ್ಕೆ, ಪಿಡಿಎಫ್ ಓದುವುದಕ್ಕೆ ಮತ್ತು ಆಗಾಗ ಒಂದೆರಡು ವೆಬ್ ಪುಟ ತೆರೆಯುವುದಕ್ಕೆ ಅದನ್ನು ಬಳಸಬೇಕೆಂದಿದ್ದೇನೆ. ಕೀಲಿಮಣೆ ಇನ್ನೂ ಹೊಸದರಂತಿರುವುದರಿಂದ ಗುಜರಿಗೆ ಹಾಕಲು ಮನಸ್ಸಿಲ್ಲ.

ಈ ಪ್ರೊಸೆಸರ್ 32 ಬಿಟ್‌ನದ್ದಾದ ಕಾರಣ, ಲುಬುಂಟು ಎಂಬ ಹಗುರ ಲಿನಕ್ಸ್‌ನ ಈಚಿನ ಆವೃತ್ತಿಯು ಎಕ್ಸ್86-64 (ಅಂದರೆ 64 ಬಿಟ್) ಸಿಪಿಯು ಬೇಕೆಂಬ ಸಂದೇಶ ತೋರಿಸಿ ಬೂಟ್ ಹಂತದಲ್ಲೇ ನಿಂತಿತು. ಪಪ್ಪಿ ಲಿನಕ್ಸ್ ಪೂರ್ತಿಯಾಗಿ ರ‍್ಯಾಮ್‌ಗೆ ಇಳಿದು ಚುರುಕಾಗಿಯೇ ನಡೆಯಿತಾದರೂ, ಕನ್ನಡ ಅಕ್ಷರಗಳಿರಬೇಕಾದಲ್ಲಿ ಬರೀ ಚೌಕಗಳು ಕಂಡವು. ಆಂಟಿಎಕ್ಸ್ 23 ಎಂಬ ಮತ್ತೊಂದು ಹಗುರ ಲಿನಕ್ಸ್‌ನ 32 ಬಿಟ್ ಆವೃತ್ತಿಯನ್ನು ಪೆನ್‌ಡ್ರೈವ್‌ನಿಂದ ಓಡಿಸಿ ಫಾಂಟ್ ಹಾಕಿದ ಮೇಲೆ ಒತ್ತಕ್ಷರಗಳೂ ಸರಿಯಾಗಿ ಮೂಡಿದವು. ಆದರೆ ಐಬಸ್ (ಕನ್ನಡ ಟೈಪ್ ಮಾಡಲು ಬಳಸುವ ತಂತ್ರಾಂಶ) ಜೊತೆಗೆ ಫೈರ್‌ಫಾಕ್ಸ್ ತೆರೆದೊಡನೆ ಮೌಸ್ ಬಾಣವೇ ತಡವರಿಸತೊಡಗುತ್ತದೆ.

ಡೆಬಿಯನ್ ಎಂಬ ಲಿನಕ್ಸ್‌ನ 13ನೇ ಆವೃತ್ತಿಯಲ್ಲಿ 32 ಬಿಟ್ ಇನ್‌ಸ್ಟಾಲರ್ ಕೈಬಿಟ್ಟಿರುವುದರಿಂದ ಡೆಬಿಯನ್ 12ರತ್ತ ನೋಡುತ್ತಿದ್ದೇನೆ. ಆಂಟಿಎಕ್ಸ್ 23 ಕೂಡ ಅದರ ಮೇಲೆಯೇ ನಿಂತಿರುವುದರಿಂದ, ಬದಲಾಯಿಸಿದರೆ ನಿಜವಾಗಿ ಏನು ಲಾಭ ಎಂಬುದೇ ನನ್ನ ಗೊಂದಲ.

ಇಂಥ ಯಂತ್ರದಲ್ಲಿ ಕನ್ನಡ ಟೈಪಿಂಗ್ ಮಾಡುತ್ತಿರುವವರು ದಯವಿಟ್ಟು ತಿಳಿಸಿ: ಆಂಟಿಎಕ್ಸ್ ಅನ್ನೇ ಡಿಸ್ಕಿಗೆ ಇನ್‌ಸ್ಟಾಲ್ ಮಾಡಿ ಹಗುರವಾದ ಬ್ರೌಸರ್ ಹಾಕುವುದು ಸಾಕೇ, ಅಥವಾ ರ‍್ಯಾಮ್ ಅನ್ನು 2 ಜಿಬಿಗೆ ಏರಿಸದೆ ಯಾವ ಲಿನಕ್ಸ್ ಹಾಕಿದರೂ ಪ್ರಯೋಜನವಿಲ್ಲವೇ?