ಮೋಟಾರ್‌ಹೋಮ್ ಜನರೇಟರ್ ಸ್ಟಾರ್ಟ್ ಆಗ್ತಿಲ್ಲ. ಪಂಪಾ, ಕಾರ್ಬುರೇಟರಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾವಿರುವುದು ಅರಿಜೋನಾದ ಫೀನಿಕ್ಸ್‌ನಲ್ಲಿ. ಒಳಗೇ ಮನೆಯ ಹಾಗೆ ಇರಬಹುದಾದ ಗಾಡಿ, ಅಂದರೆ ನಮ್ಮ ಹಳೇ ಮೋಟಾರ್‌ಹೋಮ್‌ನ ಪೆಟ್ರೋಲ್ ಜನರೇಟರ್ ಹಲವು ತಿಂಗಳು ಸುಮ್ನೆ ನಿಂತಿತ್ತು. ಈಗ ಸ್ವಿಚ್ ಒತ್ತಿದರೆ ಸ್ಟಾರ್ಟರ್ ಜೋರಾಗಿಯೇ ತಿರುಗುತ್ತದೆ, ಎಂಜಿನ್ ಮಾತ್ರ ಸ್ಟಾರ್ಟ್ ಆಗುವುದಿಲ್ಲ.

ಜನರೇಟರ್ ಪೆಟ್ರೋಲ್ ಎಳೆಯುವುದು ಗಾಡಿಯ ಟ್ಯಾಂಕ್‌ನಿಂದಲೇ, ಅದು ಅರ್ಧಕ್ಕಿಂತ ಜಾಸ್ತಿ ತುಂಬಿದೆ. ಸಾಮಾನ್ಯವಾಗಿ ಕಾಲು ಟ್ಯಾಂಕ್‌ಗಿಂತ ಕೆಳಗಿಳಿದರೆ ಜನರೇಟರ್‌ಗೆ ಪೆಟ್ರೋಲ್ ಸಿಗದ ಹಾಗೆ ಪೈಪ್ ಇಟ್ಟಿರುತ್ತಾರೆ ಅಲ್ವಾ, ಅದಕ್ಕೇ ಮೊದಲು ಅದನ್ನೇ ನೋಡಿದೆ. ಆಯಿಲ್ ಸರಿ ಇದೆ. ಬ್ಯಾಟರಿ 12.6 ವೋಲ್ಟ್. ಸ್ಪಾರ್ಕ್ ಪ್ಲಗ್, ಫ್ಯೂಯೆಲ್ ಫಿಲ್ಟರ್ ಎರಡೂ ಹೊಸದು.

ಗಾಳಿ ಎಳೆಯುವ ಕಡೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆದರೆ ಎರಡು ಮೂರು ಸೆಕೆಂಡ್ ಓಡಿ, ಕೆಮ್ಮಿ ನಿಂತುಬಿಡುತ್ತದೆ. ಅಂದರೆ ಕಿಡಿ ಬರುತ್ತಿದೆ, ಪೆಟ್ರೋಲ್ ಸಾಲುತ್ತಿಲ್ಲ. ನನ್ನ ಗೊಂದಲ ಇಲ್ಲೇ. ಪ್ರೈಮ್ ಮಾಡಿದಾಗ (ಸ್ಟಾರ್ಟ್ ಮಾಡುವ ಮೊದಲು ಪಂಪ್‌ನಿಂದ ಪೆಟ್ರೋಲ್ ತುಂಬಿಸಿದಾಗ) ಪಂಪ್ ಟಿಕ್ ಟಿಕ್ ಅನ್ನುತ್ತದೆ. ಕಾರ್ಬುರೇಟರ್ ಹತ್ತಿರ ಪೈಪ್ ಬಿಚ್ಚಿ ಬಾಟಲಿಗೆ ಹಿಡಿದರೆ ಪೆಟ್ರೋಲ್ ಬರುತ್ತದೆ, ಆದರೆ ತಡೆದು ತಡೆದು, ಹನಿ ಹನಿಯಾಗಿ. ಪಂಪ್ ಬದಲಿಸು ಅಂತ ಒಬ್ಬರು, ಹಳೇ ಪೆಟ್ರೋಲ್ ಅಂಟು ಕಟ್ಟಿ ಕಾರ್ಬುರೇಟರ್ ಒಳಗಿನ ಜೆಟ್ (ಪೆಟ್ರೋಲ್ ಹೋಗುವ ಸಣ್ಣ ತೂತು) ಮುಚ್ಚಿದೆ ಅಂತ ಇನ್ನೊಬ್ಬರು. ಎರಡನ್ನೂ ಬದಲಿಸುವಷ್ಟು ದುಡ್ಡಿಲ್ಲ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಈ ಬಿಸಿಲಲ್ಲಿ ಎಸಿ ಇಲ್ಲದೆ ಅವರನ್ನು ಹೊರಡಿಸಲು ಧೈರ್ಯ ಬರುತ್ತಿಲ್ಲ.

ಇಂಥದ್ದನ್ನು ಬಿಚ್ಚಿ ರಿಪೇರಿ ಮಾಡಿದವರು ದಯವಿಟ್ಟು ಹೇಳಿ: ಪಂಪ್ ಚೆನ್ನಾಗಿದ್ದರೂ ಪೆಟ್ರೋಲ್ ಹೀಗೆ ಹನಿಯಾಗಿ ಬರುವುದುಂಟಾ? ಕಾರ್ಬುರೇಟರ್‌ಗೆ ಕೈ ಹಾಕುವ ಮೊದಲು ಪಂಪ್ ಸರಿಯಿದೆಯೋ ಇಲ್ಲವೋ ಅಂತ ಮನೆಯಲ್ಲೇ ಪರೀಕ್ಷಿಸುವುದು ಹೇಗೆ?