ಸಂಸ್ಥೆಯ ವೆಬ್‌ಸೈಟಿಗೆ ಜೂಮ್ಲಾನಾ, ವರ್ಡ್‌ಪ್ರೆಸ್ಸಾ, ಡ್ರೂಪಲ್ಲಾ? ನಮಗಾದ ಅನುಭವ

ಮೇಡಂ, ನಮಸ್ಕಾರ.

ನಿಮ್ಮ ಪ್ರಶ್ನೆ ಓದಿದೆ. ಮಂಡ್ಯದಲ್ಲಿ ಹೆಣ್ಣುಮಕ್ಕಳ ಉಚಿತ ವಿದ್ಯಾರ್ಥಿನಿಲಯ ನಡೆಸುವ ಟ್ರಸ್ಟ್ ನಿಮ್ಮದು. ವೆಬ್‌ಸೈಟ್ ಜೂಮ್ಲಾ 3 ಎಂಬ, ಸೈಟ್ ನಡೆಸುವ ಸಾಫ್ಟ್‌ವೇರಿನಲ್ಲಿದೆ. ಮಾಡಿಕೊಟ್ಟ ಹುಡುಗ ಈಗ ಫೋನ್ ಎತ್ತುವುದಿಲ್ಲ. ಎರಡು ವರ್ಷದಿಂದ ಅದರಲ್ಲಿ ಒಂದು ಸಾಲೂ ಬದಲಾಗಿಲ್ಲ. ಆಫೀಸಿನಲ್ಲಿ ಟೈಪ್ ಮಾಡುವವರು ಒಬ್ಬರೇ, ಅವರಿಗೆ ಬರುವುದು ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಮಾತ್ರ. ಹೊಸದಾಗಿ ಮಾಡಿಸುವುದಾದರೆ ಯಾವ ಸಾಫ್ಟ್‌ವೇರ್ ಒಳ್ಳೆಯದು, ಬಳಸಿದವರು ಹೇಳಿ ಎಂದು ಕೇಳಿದ್ದೀರಿ.

ನಾನು ಮೈಸೂರಿನ ಸರಸ್ವತಿಪುರಂ ಕಡೆಯ ಒಂದು ವಾಚನಾಲಯದ ಟ್ರಸ್ಟಿನಲ್ಲಿ ಕಾರ್ಯದರ್ಶಿ. ಕಂಪ್ಯೂಟರ್ ಓದಿದವನಲ್ಲ, ಬ್ಯಾಂಕಿನಲ್ಲಿ ಕೆಲಸ ಮಾಡಿದವನು. ಆದರೂ ಹನ್ನೊಂದು ವರ್ಷದಿಂದ ನಮ್ಮ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದೇನೆ. ಮೊದಲ ಆರು ವರ್ಷ ಜೂಮ್ಲಾ, ಆಮೇಲೆ ವರ್ಡ್‌ಪ್ರೆಸ್. ಬೇರೆ ಸಂಸ್ಥೆಗಳಲ್ಲಿ ಇದೇ ಕೆಲಸ ಮಾಡುವ ಮೂವರು ಗೆಳೆಯರಿಗೂ ನಿಮ್ಮ ಪ್ರಶ್ನೆ ಕೇಳಿದೆ. ಅವರು ಹೇಳಿದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಸಾಫ್ಟ್‌ವೇರ್ ಮಾತಿಗೆ ಮುಂಚೆ ಒಂದು ಪ್ರಶ್ನೆ. ನಿಮ್ಮ ಡೊಮೇನ್, ಅಂದರೆ ಸೈಟಿನ ವಿಳಾಸದ ಹೆಸರು, ಯಾರ ಈಮೇಲ್‌ನಲ್ಲಿದೆ? ನಮಗೆ ಪೆಟ್ಟು ಬಿದ್ದಿದ್ದು ಅಲ್ಲೇ. ಸೈಟ್ ಮಾಡಿಕೊಟ್ಟವರು ಡೊಮೇನನ್ನು ತಮ್ಮ ಸ್ವಂತ ಈಮೇಲ್‌ನಿಂದ ತೆಗೆದುಕೊಂಡಿದ್ದರು. ಕೆಟ್ಟ ಉದ್ದೇಶ ಇರಲಿಲ್ಲ, ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು. ಅವರು ಊರು ಬಿಟ್ಟರು, ಆ ಈಮೇಲ್ ಬಳಸುವುದನ್ನೂ ಬಿಟ್ಟರು. ಹಣ ಕಟ್ಟಿ ಎಂದು ಬಂದ ಸೂಚನೆಗಳೆಲ್ಲ ಅಲ್ಲೇ ಉಳಿದವು. ಒಂದು ದಿನ ಬೆಳಿಗ್ಗೆ ಸೈಟ್ ತೆರೆದರೆ ಜಾಹೀರಾತು ಪುಟ. ಅವರನ್ನು ಹುಡುಕಿ, ಹಳೆಯ ಪಾಸ್‌ವರ್ಡ್ ತೆಗೆಸಿ, ದಂಡ ಸೇರಿಸಿ ಹಣ ಕಟ್ಟುವ ಹೊತ್ತಿಗೆ ಮೂರು ವಾರ ಕಳೆದಿತ್ತು. ಅವಧಿ ಮುಗಿದ ಮೇಲೂ ಹಳೆಯ ಮಾಲೀಕರಿಗೆ ಬಿಡಿಸಿಕೊಳ್ಳಲು ಕೆಲವು ದಿನ ಸಮಯ ಕೊಡುತ್ತಾರೆ. ಅದಿರದಿದ್ದರೆ ಹೆಸರೇ ಕೈಬಿಟ್ಟು ಹೋಗುತ್ತಿತ್ತು.

ಈಗ ನಮ್ಮಲ್ಲಿ ಡೊಮೇನ್, ಹೋಸ್ಟಿಂಗ್ (ಸೈಟ್ ಇಡುವ ಬಾಡಿಗೆ ಜಾಗ), ಸೈಟಿನ ಅಡ್ಮಿನ್ ಲಾಗಿನ್ ಮೂರೂ ಟ್ರಸ್ಟಿನ ಈಮೇಲ್‌ನಲ್ಲಿವೆ. ಪಾಸ್‌ವರ್ಡ್‌ಗಳನ್ನು ಒಂದು ಲಕೋಟೆಯಲ್ಲಿ ಹಾಕಿ, ಟ್ರಸ್ಟಿನ ಆಸ್ತಿ ಪತ್ರ ಇಡುವ ಬೀರುವಿನಲ್ಲೇ ಇಟ್ಟಿದ್ದೇವೆ. ಕಾರ್ಯದರ್ಶಿ ಬದಲಾದಾಗ ಲೆಕ್ಕದ ಪುಸ್ತಕದ ಜೊತೆ ಇದನ್ನೂ ಒಪ್ಪಿಸಬೇಕು ಎಂದು ಸಭೆಯಲ್ಲಿ ಠರಾವು ಮಾಡಿದ್ದೇವೆ.

ಇನ್ನು ನಿಮ್ಮ ಜೂಮ್ಲಾ. ಜೂಮ್ಲಾ ಬಂದಿದ್ದು 2005ರಲ್ಲಿ. ನನಗೆ ಅದರ ಮೇಲೆ ಈಗಲೂ ಪ್ರೀತಿ ಇದೆ. ಎರಡು ಭಾಷೆಯ ಸೈಟ್ ಮಾಡುವ ಅನುಕೂಲ ಅದರೊಳಗೇ ಇದೆ, ಬೇರೆ ಏನೂ ಸೇರಿಸಬೇಕಿಲ್ಲ. ಆದರೆ ಜೂಮ್ಲಾ 3ಕ್ಕೆ 2023ರ ಆಗಸ್ಟ್‌ನಲ್ಲೇ ಬೆಂಬಲ ನಿಂತುಹೋಯಿತು. ಅಂದರೆ ಅದರ ಭದ್ರತೆಯಲ್ಲಿ ಹೊಸ ತೂತು ಸಿಕ್ಕರೂ ಜೂಮ್ಲಾದವರು ಮುಚ್ಚುವುದಿಲ್ಲ. ನಿಮ್ಮ ಸೈಟ್ ಇವತ್ತು ಸುಮ್ನೆ ಇದ್ದ ಹಾಗೆ ಕಂಡರೂ ಅಪಾಯದಲ್ಲೇ ಇದೆ. 4ಕ್ಕೆ, ಅಲ್ಲಿಂದ ಮುಂದಿನ ಆವೃತ್ತಿಗಳಿಗೆ ಏರಿಸಲು ದಾರಿ ಇದೆ. ಲೇಖನಗಳು ಬರುತ್ತವೆ. ಆದರೆ ಹಳೆಯ ಟೆಂಪ್ಲೇಟ್ (ಪುಟಗಳ ವಿನ್ಯಾಸ) ಮತ್ತು ಸೇರಿಸಿಕೊಂಡ ಎಕ್ಸ್‌ಟೆನ್ಷನ್‌ಗಳು ಬಹಳ ಸಲ ಬರುವುದಿಲ್ಲ, ಅವನ್ನು ಹೊಸದಾಗಿ ಹುಡುಕಬೇಕು. ನಾವು ಜೂಮ್ಲಾ ಬಿಟ್ಟ ಕಾರಣ ಬೇರೆ. ಮೈಸೂರಿನಲ್ಲಿ ಅದನ್ನು ಬಲ್ಲವರು ನಮಗೆ ಸುಲಭವಾಗಿ ಸಿಗಲಿಲ್ಲ. ವರ್ಡ್‌ಪ್ರೆಸ್ ಬಲ್ಲವರು ಕುವೆಂಪುನಗರದಲ್ಲೇ ನಾಲ್ಕು ಜನ ಸಿಕ್ಕರು. ಒಬ್ಬರು ಕೈಕೊಟ್ಟರೆ ಇನ್ನೊಬ್ಬರು ಸಿಗುತ್ತಾರೆ ಎನ್ನುವುದು ಸಣ್ಣ ಸಂಸ್ಥೆಗೆ ದೊಡ್ಡ ಧೈರ್ಯ, ಅಲ್ವಾ?

ವರ್ಡ್‌ಪ್ರೆಸ್ 2003ರಿಂದ ಇದೆ. ಜಗತ್ತಿನ ವೆಬ್‌ಸೈಟ್‌ಗಳಲ್ಲಿ ನೂರಕ್ಕೆ 40ಕ್ಕಿಂತ ಜಾಸ್ತಿ ಅದರಲ್ಲೇ ನಡೆಯುತ್ತವೆ. ಸಾಫ್ಟ್‌ವೇರಿಗೆ ಹಣವಿಲ್ಲ. ಡೊಮೇನ್, ಹೋಸ್ಟಿಂಗಿಗೆ ಮಾತ್ರ ಖರ್ಚು. ನಮಗೆ ವರ್ಷಕ್ಕೆ ಐದು ಸಾವಿರದ ಆಸುಪಾಸು ಬೀಳುತ್ತಿದೆ. ಮೊದಲ ವರ್ಷ ಕಡಿಮೆ ಬೆಲೆ ತೋರಿಸಿ ಎರಡನೇ ವರ್ಷ ಏರಿಸುವ ಹೋಸ್ಟಿಂಗ್‌ಗಳು ತುಂಬ ಇವೆ. ನವೀಕರಣದ ಬೆಲೆ ಎಷ್ಟು ಎಂದು ಮೊದಲೇ ಕೇಳಿಕೊಳ್ಳಿ. ಇನ್ನೊಂದು ಗೊಂದಲ ಇದೆ. ವರ್ಡ್‌ಪ್ರೆಸ್ ಡಾಟ್ ಕಾಮ್ ಎನ್ನುವುದು ಅವರೇ ಜಾಗ ಕೊಟ್ಟು ನಡೆಸುವ ಸೇವೆ. ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಿಂದ ಇಳಿಸಿಕೊಳ್ಳುವುದು ನಿಮ್ಮದೇ ಹೋಸ್ಟಿಂಗಿನಲ್ಲಿ ಹಾಕುವ ಸಾಫ್ಟ್‌ವೇರ್. ನಾನು ಹೇಳುತ್ತಿರುವುದು ಎರಡನೆಯದರ ಬಗ್ಗೆ.

ನಮ್ಮ ಕಚೇರಿಯ ಗುಮಾಸ್ತರಿಗೆ ಐವತ್ತೆರಡು ವರ್ಷ. 2018ರ ಕೊನೆಗೆ ವರ್ಡ್‌ಪ್ರೆಸ್‌ನಲ್ಲಿ ಬ್ಲಾಕ್ ಎಡಿಟರ್ ಬಂತು, ಪ್ರತಿ ಪ್ಯಾರಾ ಒಂದೊಂದು ಡಬ್ಬಿ. ಅದು ಅವರಿಗೆ ಒಗ್ಗಲೇ ಇಲ್ಲ. ಕ್ಲಾಸಿಕ್ ಎಡಿಟರ್ ಎಂಬ ಪ್ಲಗಿನ್ (ಮೇಲಿಂದ ಸೇರಿಸುವ ಸಣ್ಣ ಸಾಫ್ಟ್‌ವೇರ್) ಹಾಕಿಕೊಟ್ಟೆ. ಹಳೆಯ ವರ್ಡ್ ಫೈಲ್ ಥರ ಕಾಣುತ್ತದೆ, ಎರಡೇ ದಿನದಲ್ಲಿ ಕೈಗೆ ಬಂತು. ಅವರಿಗೆ ಅಡ್ಮಿನ್ ಅಧಿಕಾರ ಕೊಟ್ಟಿಲ್ಲ, ಎಡಿಟರ್ ಎಂದು ಮಾಡಿದ್ದೇನೆ. ಬರೆಯುತ್ತಾರೆ, ತಿದ್ದುತ್ತಾರೆ, ಪ್ರಕಟಿಸುತ್ತಾರೆ. ಪ್ಲಗಿನ್, ಥೀಮ್ (ಸೈಟಿನ ವಿನ್ಯಾಸ) ಮುಟ್ಟಲು ಬರುವುದಿಲ್ಲ. ಒಮ್ಮೆ ಸದಸ್ಯರ ಪುಟವನ್ನೇ ಅಳಿಸಿಬಿಟ್ಟು ಕಣ್ಣಲ್ಲಿ ನೀರು ತಂದುಕೊಂಡಿದ್ದರು. ಅಳಿಸಿದ್ದು 30 ದಿನ ಕಸದ ಬುಟ್ಟಿಯಲ್ಲಿ ಇರುತ್ತದೆ, ಒಂದೇ ಕ್ಲಿಕ್‌ನಲ್ಲಿ ವಾಪಸ್ ಬಂತು. ಅವತ್ತಿನಿಂದ ಅವರ ಭಯ ಹೋಯಿತು. ಈಗ ವಾರಕ್ಕೆ ಎರಡು ಸಲ ಅವರೇ ಹೊಸ ಪುಸ್ತಕಗಳ ಪಟ್ಟಿ ಹಾಕುತ್ತಾರೆ.

ಕನ್ನಡದ ವಿಷಯಕ್ಕೆ ಬರುತ್ತೇನೆ. ಇದನ್ನು ಸೈಟ್ ಮಾಡುವ ಹುಡುಗರು ಹೇಳುವುದಿಲ್ಲ, ಹಾಗಾಗಿ ವಿವರವಾಗಿ ಬರೆಯುತ್ತೇನೆ.

ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ವೆಬ್‌ಸೈಟಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಕನ್ನಡವೇ ಅಲ್ಲ, ಕನ್ನಡದ ರೂಪ ಹೊದ್ದ ಇಂಗ್ಲಿಷ್ ಸಂಕೇತಗಳು. ಎಲ್ಲ ಕಂಪ್ಯೂಟರುಗಳೂ ಕನ್ನಡವೆಂದೇ ಗುರುತಿಸುವ ಯೂನಿಕೋಡ್ ಸಂಕೇತ ಬೇಕು. ಹಾಗೆಂದು ನಿಮ್ಮ ಟೈಪಿಸ್ಟ್ ಹೊಸ ಕೀಲಿಮಣೆ ಕಲಿಯಬೇಕಿಲ್ಲ. ನುಡಿಯ ಈಚಿನ ಆವೃತ್ತಿಗಳಲ್ಲಿ ಯೂನಿಕೋಡ್ ಆಯ್ಕೆ ಇದೆ, ಬೆರಳು ಓಡುವ ಜಾಗ ಅದೇ. ಹಳೆಯ ಫೈಲುಗಳನ್ನು ಬದಲಾಯಿಸಲು ಪರಿವರ್ತಕಗಳಿವೆ. ಬದಲಾಯಿಸಿದ ಮೇಲೆ ಒಂದೊಂದು ಸಾಲನ್ನೂ ಓದಿ ನೋಡಿ. ನಡುವೆ ಇಂಗ್ಲಿಷ್ ಪದ, ಈಮೇಲ್ ವಿಳಾಸ ಇದ್ದರೆ ಪರಿವರ್ತಕ ಅದನ್ನೂ ಕನ್ನಡವೆಂದು ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. ನಮ್ಮ ಹದಿನೈದು ವರ್ಷದ ವಾರ್ಷಿಕ ವರದಿಗಳನ್ನು ಹೀಗೆ ಬದಲಾಯಿಸಿ ತಿದ್ದಲು ಒಂದು ಬೇಸಿಗೆ ಪೂರ್ತಿ ಹಿಡಿಯಿತು. ಆದರೆ ಈಗ ಅವನ್ನು ಯಾರು ಬೇಕಾದರೂ ಹುಡುಕಿ ಓದಬಹುದು. ಸ್ಕ್ಯಾನ್ ಮಾಡಿ ಹಾಕಿದ್ದರೆ ಅವು ಬರೀ ಚಿತ್ರವಾಗಿ ಉಳಿಯುತ್ತಿದ್ದವು.

ಎರಡನೆಯದು ಪ್ರಶ್ನೆ ಚಿಹ್ನೆಗಳ ಕಾಟ. ಒಮ್ಮೆ ಹೋಸ್ಟಿಂಗ್ ಬದಲಾಯಿಸಿದಾಗ ಸೈಟಿನ ಕನ್ನಡವೆಲ್ಲ ಸಾಲುಸಾಲು ಪ್ರಶ್ನೆ ಚಿಹ್ನೆ ಆಯಿತು. ಸೈಟಿನ ಬರಹವೆಲ್ಲ ಕೂಡಿಡುವ ಡೇಟಾಬೇಸನ್ನು ಹೊಸ ಜಾಗದಲ್ಲಿ ಲ್ಯಾಟಿನ್ (ಇಂಗ್ಲಿಷ್ ಥರದ) ಅಕ್ಷರಗಳಿಗೆ ಮಾತ್ರ ಹೊಂದಿಸಿದ್ದರು. ಹಾಗೆ ಒಮ್ಮೆ ಸೇವ್ ಆದರೆ ಮೂಲ ಅಕ್ಷರ ವಾಪಸ್ ಬರುವುದೇ ಇಲ್ಲ. ನಮ್ಮ ಹತ್ತಿರ ಬ್ಯಾಕಪ್ ಇತ್ತು, ಬದುಕಿದೆವು. ಡೇಟಾಬೇಸ್ ಯುಟಿಎಫ್‌8ಎಂಬಿ4ರಲ್ಲಿ ಇರಲಿ ಎಂದು ಮಾಡುವವರಿಗೆ ಬರೆದೇ ಕೊಡಿ.

ಮೂರನೆಯದು ಪುಟದ ವಿಳಾಸ. ಕನ್ನಡದಲ್ಲಿ ಶೀರ್ಷಿಕೆ ಕೊಟ್ಟರೆ ವರ್ಡ್‌ಪ್ರೆಸ್ ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತದೆ. ನೋಡಲು ಚೆಂದ. ಆದರೆ ಒಳಗೆ ಪ್ರತಿ ಕನ್ನಡ ಸಂಕೇತವೂ ಶೇಕಡಾ ಚಿಹ್ನೆ, ಅಂಕಿ, ಇಂಗ್ಲಿಷ್ ಅಕ್ಷರ ಸೇರಿದ 9 ಗುರುತುಗಳಾಗುತ್ತದೆ. ‘ಮೈಸೂರು’ ಎಂಬ ಒಂದೇ ಪದಕ್ಕೆ, ಮೂರು ವ್ಯಂಜನ ಮೂರು ಸ್ವರಚಿಹ್ನೆ ಸೇರಿ, 54. ವಿಳಾಸಕ್ಕೆ ಇರುವ ಜಾಗ 200. ಉದ್ದ ಶೀರ್ಷಿಕೆ ನಡುವೆಯೇ ಕತ್ತರಿಸಿ ಹೋಗುತ್ತದೆ. ವಾಟ್ಸಾಪ್‌ನಲ್ಲಿ ಕಳಿಸಿದರೆ ಅರ್ಧ ಪರದೆ ತುಂಬುವ ಲಿಂಕ್ ಬರುತ್ತದೆ. ನೋಡಿದವರು ಏನೋ ವೈರಸ್ ಎಂದು ಮುಟ್ಟುವುದೇ ಇಲ್ಲ. ಪ್ರಕಟಿಸುವ ಮುಂಚೆ ಸ್ಲಗ್ ಎಂಬ ಜಾಗದಲ್ಲಿ ಚಿಕ್ಕ ಇಂಗ್ಲಿಷ್ ಪದ ಹಾಕಿದರೆ ಸಾಕು.

ಹುಡುಕಾಟದ್ದೂ ಒಂದಿದೆ. ವರ್ಡ್‌ಪ್ರೆಸ್‌ನ ಸ್ವಂತ ಹುಡುಕಾಟ ಅಕ್ಷರ ಹೊಂದಿಸಿ ನೋಡುತ್ತದೆ ಅಷ್ಟೇ, ಅದಕ್ಕೆ ವಿಭಕ್ತಿ ಗೊತ್ತಿಲ್ಲ. ‘ಮೈಸೂರು’ ಎಂದು ಹುಡುಕಿದರೆ ‘ಮೈಸೂರಿನ’ ಎಂದಿರುವ ಪುಟ ಸಿಗುವುದಿಲ್ಲ. ‘ಮೈಸೂರ’ ಎಂದು ಕೊಟ್ಟರೆ ಎರಡೂ ಸಿಗುತ್ತವೆ. ನಾವು ಹುಡುಕುವ ಜಾಗದ ಕೆಳಗೇ ಇದನ್ನು ಬರೆದಿದ್ದೇವೆ, ಓದುಗರಿಗೆ ಉಪಯೋಗವಾಗಿದೆ.

ಡ್ರೂಪಲ್ ಬಗ್ಗೆಯೂ ಕೇಳಿದ್ದಿರಿ. ನನ್ನ ಗೆಳೆಯರೊಬ್ಬರು ಮಂಡ್ಯದ ಒಂದು ಕಾಲೇಜಿನ ಸೈಟ್ ನೋಡಿಕೊಳ್ಳುತ್ತಾರೆ, ಅದು ಡ್ರೂಪಲ್ 7ರಲ್ಲಿತ್ತು. ಹದಿನಾಲ್ಕು ವಿಭಾಗ, ಪ್ರತಿ ವಿಭಾಗದವರು ತಮ್ಮ ಪುಟ ಮಾತ್ರ ತಿದ್ದಬೇಕು, ಪ್ರಾಂಶುಪಾಲರು ಒಪ್ಪಿದ ಮೇಲೆ ಪ್ರಕಟ ಆಗಬೇಕು. ಇಂಥ ಕೆಲಸಕ್ಕೆ ಡ್ರೂಪಲ್ ಬಹಳ ಗಟ್ಟಿ ಎನ್ನುತ್ತಾರೆ. ಆದರೆ 2025ರ ಜನವರಿ 5ಕ್ಕೆ ಡ್ರೂಪಲ್ 7ರ ಬೆಂಬಲ ಮುಗಿಯಿತು. 8ರಿಂದ ಅದರ ಒಳಗಿನ ಕಟ್ಟೋಣವೇ ಬೇರೆ. ಹಾಗಾಗಿ ಏರಿಸುವುದು ಎಂದರೆ ಹೆಚ್ಚುಕಡಿಮೆ ಹೊಸ ಸೈಟ್ ಕಟ್ಟಿ, ವಿಷಯ ಸಾಗಿಸಿದ ಹಾಗೆ. ಕಾಲೇಜಿಗೆ ಹಣವೂ ಜನವೂ ಇತ್ತು, ಮಾಡಿದರು. ಒಬ್ಬ ಟೈಪಿಸ್ಟ್ ಇರುವ ವಿದ್ಯಾರ್ಥಿನಿಲಯಕ್ಕೆ ಆ ಭಾರ ಬೇಡ ಎಂದು ನನ್ನ ಅಭಿಪ್ರಾಯ.

ಇನ್ನೊಬ್ಬ ಗೆಳತಿ ಮೈಸೂರಿನ ಒಂದು ಸಂಗೀತ ಸಭೆಯ ಪದಾಧಿಕಾರಿ. ಅವರದು ತಿಂಗಳಿಗಿಷ್ಟು ಎಂದು ಹಣ ಕಟ್ಟುವ ರೆಡಿಮೇಡ್ ಸೇವೆ. ಎಳೆದು ತಂದು ಕೂರಿಸಿದರೆ ಪುಟ ರೆಡಿ, ಅಪ್‌ಡೇಟ್ ಚಿಂತೆ ಇಲ್ಲ. ನಾಲ್ಕು ವರ್ಷ ಸುಖವಾಗಿದ್ದರು. ಬಿಟ್ಟು ಬರಬೇಕು ಎಂದಾಗ ಸೈಟನ್ನು ಇಳಿಸಿಕೊಳ್ಳುವ ದಾರಿಯೇ ಇರಲಿಲ್ಲ. ದಸರಾ ರಜೆಯಲ್ಲಿ ಕೂತು ಪುಟ ಪುಟವಾಗಿ ಕಾಪಿ ಮಾಡಿಕೊಂಡರು. ಇಂಥ ಸೇವೆಗೆ ಸೇರುವ ಮುಂಚೆ ನಮ್ಮ ವಿಷಯವನ್ನೆಲ್ಲ ಒಂದೇ ಸಲ ಹೊರಗೆ ತೆಗೆಯಬಹುದಾ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.

ಪಾಂಡವಪುರ ಕಡೆಯ ಒಂದು ರೈತರ ಗುಂಪಿನವರು ಗೂಗಲ್ ಸೈಟ್ಸ್‌ನಲ್ಲಿದ್ದಾರೆ. ಖರ್ಚಿಲ್ಲ. ಬೆಲ್ಲದ ದರವನ್ನು ಗೂಗಲ್ ಶೀಟ್‌ನಲ್ಲಿ ಮೊಬೈಲ್‌ನಿಂದಲೇ ಬದಲಾಯಿಸುತ್ತಾರೆ, ಅದು ಸೈಟಿನಲ್ಲೂ ಬದಲಾಗುತ್ತದೆ. ನಾಲ್ಕೈದು ಪುಟ ಸಾಕು ಎನ್ನುವವರಿಗೆ ಇಷ್ಟೇ ಬೇಕಾಗಿರುವುದು. ನಿಮಗೂ ಬರೀ ಅರ್ಜಿ ನಮೂನೆ, ವಿಳಾಸ, ಫೋನ್, ಫೋಟೋ ಸಾಕು ಎನಿಸಿದರೆ ಇದನ್ನೇ ಮೊದಲು ನೋಡಿ. ನಾಚಿಕೆಪಡುವಂಥದ್ದು ಅದರಲ್ಲಿ ಏನೂ ಇಲ್ಲ.

ವರ್ಡ್‌ಪ್ರೆಸ್ ಎಂದೇ ತೀರ್ಮಾನಿಸಿದರೆ ಅಪ್‌ಡೇಟ್ ಮಾಡುವವರು ಯಾರು ಎಂದು ಹೆಸರು ಗೊತ್ತುಮಾಡಿ. ಥೀಮ್ ಎಲ್ಲಿಂದ ತಂದದ್ದು ಎಂದೂ ಕೇಳಿ. ನಮ್ಮ ಹಳೆಯ ಥೀಮ್ ಹಣ ಕೊಟ್ಟು ಕೊಳ್ಳಬೇಕಾದದ್ದು. ಮೊದಲು ಕೆಲಸ ಮಾಡಿದವರು ಅದರ ಕಳ್ಳ ಪ್ರತಿ ಹಾಕಿದ್ದರು, ನಮಗೆ ಗೊತ್ತಿರಲಿಲ್ಲ. ಅದರೊಳಗೆ ಏನೋ ಸೇರಿಸಿದ್ದರು. ಗೂಗಲ್‌ನಲ್ಲಿ ನಮ್ಮ ವಾಚನಾಲಯದ ಹೆಸರು ಹುಡುಕಿದರೆ ಜೂಜಿನ ಪುಟಗಳು ಬರತೊಡಗಿದವು. ಮಕ್ಕಳು ಬರುವ ಜಾಗದ ಹೆಸರಿನಲ್ಲಿ ಅದನ್ನು ನೋಡಿ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಎಲ್ಲ ತೆಗೆದು, ಶುದ್ಧ ಬ್ಯಾಕಪ್‌ನಿಂದ ಮತ್ತೆ ಕಟ್ಟಿದೆವು. ಈಗ ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಲ್ಲಿರುವ ಉಚಿತ ಥೀಮ್ ಮಾತ್ರ, ಪ್ಲಗಿನ್ ಆರೇ ಆರು. ಅಪ್‌ಡ್ರಾಫ್ಟ್‌ಪ್ಲಸ್ ಎಂಬ ಪ್ಲಗಿನ್ ವಾರಕ್ಕೊಮ್ಮೆ ಬ್ಯಾಕಪ್ ತೆಗೆದು ಟ್ರಸ್ಟಿನ ಗೂಗಲ್ ಡ್ರೈವ್‌ನಲ್ಲಿ ಇಡುತ್ತದೆ. ಸೈಟಿನ ವಿಳಾಸದ ಪಕ್ಕ ಕಾಣುವ ಬೀಗದ ಚಿಹ್ನೆಗೆ ಬೇಕಾದ ಎಸ್‌ಎಸ್‌ಎಲ್‌ಗೆ ಯಾರಾದರೂ ಹಣ ಕೇಳಿದರೆ ಲೆಟ್ಸ್ ಎನ್‌ಕ್ರಿಪ್ಟ್‌ನದು ಉಚಿತವಾಗಿ ಸಿಗುತ್ತದೆ ಎಂದು ಹೇಳಿ.

ಇಂಗ್ಲಿಷ್ ಪುಟಗಳೂ ಬೇಕು ಎಂದಿದ್ದಿರಿ. ದಾನಿಗಳಿಗಾಗಿ ಮೂರೋ ನಾಲ್ಕೋ ಪುಟ ಮಾಡಿ ಸಾಕು. ಇಡೀ ಸೈಟನ್ನು ಎರಡು ಭಾಷೆಯಲ್ಲಿ ಇಡಲು ಹೊರಟರೆ ಒಂದು ಭಾಷೆ ಹಿಂದೆ ಬೀಳುತ್ತದೆ. ನಮ್ಮಲ್ಲಿ ಹಿಂದೆ ಬಿದ್ದಿದ್ದು ಕನ್ನಡ, ಅದು ನನಗೆ ಈಗಲೂ ನೋವು.

ಇನ್ನೊಂದು ಮಾತು. ನಿಮ್ಮ ಪ್ರಕಟಣೆಗಳೆಲ್ಲ ಪೋಸ್ಟರ್ ಚಿತ್ರಗಳಾಗಿಯೇ ಇವೆ, ಸೈಟ್ ನೋಡಿದೆ. ನಮ್ಮ ವಾಚನಾಲಯಕ್ಕೆ ಕಣ್ಣು ಕಾಣದ ವಿದ್ಯಾರ್ಥಿಯೊಬ್ಬ ಬರುತ್ತಾನೆ. ಎನ್‌ವಿಡಿಎ ಎಂಬ ಉಚಿತ ಸಾಫ್ಟ್‌ವೇರ್ ಅವನಿಗೆ ಕನ್ನಡ ಓದಿ ಹೇಳುತ್ತದೆ. ಚಿತ್ರದಲ್ಲಿರುವ ಅಕ್ಷರ ಅದಕ್ಕೆ ಕಾಣುವುದಿಲ್ಲ. “ಸರ್, ನಿಮ್ಮ ಸೈಟಿನಲ್ಲಿ ಏನೂ ಬರೆದೇ ಇಲ್ವಲ್ಲ” ಎಂದು ಅವನು ಕೇಳಿದ ಮೇಲೆ ನಮಗೆ ಗೊತ್ತಾಯಿತು. ಪೋಸ್ಟರ್ ಹಾಕಿ, ಕೆಳಗೆ ಅದರಲ್ಲಿರುವ ದಿನಾಂಕ, ಜಾಗ, ಅರ್ಹತೆ ಎಲ್ಲ ಅಕ್ಷರದಲ್ಲೂ ಟೈಪ್ ಮಾಡಿಸಿ. ನಿಮ್ಮಲ್ಲಿ ಸೇರಬೇಕಾದ ಹುಡುಗಿಯರಲ್ಲಿ ಅಂಥವರೂ ಇರಬಹುದು. ಸೇರಿದ ಹುಡುಗಿಯರ ಹೆಸರು, ಊರು, ಫೋನ್ ನಂಬರಿನ ಪಟ್ಟಿಯನ್ನು ಮಾತ್ರ ದಯವಿಟ್ಟು ಸೈಟಿನಿಂದ ಇವತ್ತೇ ತೆಗೆಸಿ. ಅರ್ಜಿ ಸಂಖ್ಯೆ ಹಾಕಿದರೆ ಸಾಕು.

ಅಡ್ಮಿಷನ್‌ಗೆ ಇನ್ನೂ ನಾಲ್ಕು ತಿಂಗಳಿದೆ. ಮೊದಲು ಆ ಹುಡುಗನನ್ನು ಹೇಗಾದರೂ ಹಿಡಿದು, ಬೇಕಾದರೆ ಅವರ ಮನೆಯವರ ಮೂಲಕ, ಡೊಮೇನನ್ನು ಟ್ರಸ್ಟಿನ ಈಮೇಲಿಗೆ ವರ್ಗಾಯಿಸಿಕೊಳ್ಳಿ. ಹೋಸ್ಟಿಂಗ್ ಲಾಗಿನ್ ಸಿಕ್ಕ ದಿನವೇ ಫೈಲು ಮತ್ತು ಡೇಟಾಬೇಸ್ ಎರಡರ ಪ್ರತಿಯನ್ನೂ ಇಳಿಸಿಕೊಳ್ಳಿ. ಅಷ್ಟಾದರೆ ನಾನೊಂದು ಶನಿವಾರ ಬೆಳಗಿನ ರೈಲಿಗೆ ಮಂಡ್ಯಕ್ಕೆ ಬರುತ್ತೇನೆ. ನಿಮ್ಮ ಟೈಪಿಸ್ಟ್ ಜೊತೆ ಕೂತು ಒಂದು ಹಳೆಯ ನುಡಿ ಫೈಲನ್ನು ಯೂನಿಕೋಡ್ ಮಾಡಿ, ಸೈಟಿಗೆ ಹಾಕುವವರೆಗೂ ತೋರಿಸಿಕೊಡುತ್ತೇನೆ. ಯಾವ ಶನಿವಾರ ಎಂದು ತಿಳಿಸಿ.